ನಾಲ್ಕನೇ ಕಾಲು

5 ಜನವರಿ 2025, ಭಾನುವಾರ. ಬೆಳಿಗ್ಗೆ 5.50, ಕೊಟ್ಟೂರು ಬಸ್‌ಸ್ಟ್ಯಾಂಡ್

ಮೊದಲ ಟ್ರಿಪ್ಪು. ಡ್ರೈವರ್ ಪಕ್ಕೀರಪ್ಪಣ್ಣ ಇನ್ನೂ ಚಹಾದಲ್ಲೇ ಇದ್ದಾನೆ. ನಾಲ್ಕು ಸಾಲು ಬರೆಯುವಷ್ಟು ಪುರುಸೊತ್ತು.

ಇವತ್ತು ಹನ್ನೊಂದಕ್ಕೆ ಆರ್ಡರ್ ಲಿಂಕ್ ಓಪನ್. ಪುಣೆಯ ಬೊಂಬೆ ಮಾಡುವವನ ಹೊಸ ಕುದುರೆ. ಹೆಸರು ಪಂಚಕಲ್ಯಾಣಿ. ಒಂಬತ್ತು ಇಂಚು, ರೆಸಿನ್, ಬಣ್ಣ ಎಲ್ಲ ಕೈಯಲ್ಲೇ. ಅರವತ್ತೇ ಪೀಸು. ಆಮೇಲೆ ಅಚ್ಚು ಒಡೆದುಹಾಕುತ್ತಾನೆ. ಹೊಟ್ಟೆಯ ಕೆಳಗೆ ನಂಬರ್ ಬರೆದು ಸಹಿ ಮಾಡುತ್ತಾನೆ.

ಫೋಟೋ ನೋಡಿದಾಗಿನಿಂದ ಜೀವ ನಿಂತಲ್ಲಿ ನಿಲ್ಲುತ್ತಿಲ್ಲ. ಕಂದು ಮೈ, ಹಣೆಯಿಂದ ಮೂಗಿನವರೆಗೆ ಬಿಳಿ ಪಟ್ಟೆ, ನಾಲ್ಕು ಕಾಲಿಗೂ ಬಿಳಿ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದ ಕುದುರೆ ಬಾನು ಹಾಗೇ ಇದ್ದಳು. ಹೆಚ್ಚೂಕಮ್ಮಿ.

ಹಾರ್ನ್ ಹೊಡೆಯುತ್ತಿದ್ದಾನೆ. ಚಹಾ ಕುಡಿದವನು ಅವನು, ಲೇಟ್ ಮಾಡಿದವಳು ನಾನಂತೆ.

ಅದೇ ದಿನ, 11.40, ಹಗರಿಬೊಮ್ಮನಹಳ್ಳಿ

ಹೋಯಿತು.

ಹನ್ನೊಂದಕ್ಕೆ ಸರಿಯಾಗಿ ಬಸ್ಸು ಕೋಗಳಿ ಹತ್ತಿರ. ಒಂದು ಕೈಯಲ್ಲಿ ಟಿಕೆಟ್ ಮಷಿನ್, ಒಂದು ಕೈಯಲ್ಲಿ ಫೋನ್. ಎದುರಿಗೆ ಒಬ್ಬಳು ಅಜ್ಜಿ. ಆಧಾರ್ ಕಾರ್ಡನ್ನು ಕರ್ಚೀಫಿನಲ್ಲಿ ಕಟ್ಟಿ, ಅದನ್ನು ಎಲೆಯಡಿಕೆ ಚೀಲದಲ್ಲಿಟ್ಟು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಒಂದೊಂದೇ ಗಂಟು ಬಿಚ್ಚುತ್ತಾ, "ತಡೀ ಯವ್ವಾ, ಅವಸ್ರ ಮಾಡಬ್ಯಾಡ, ಓಡಿ ಹೊಂಟಿಲ್ಲ ನಾನು" ಅಂದಳು. ನೆಟ್‌ವರ್ಕ್ ಒಂದು ಕಡ್ಡಿ. ಪೇಜು ತಿರುಗಿತು, ತಿರುಗಿತು...

ಸೋಲ್ಡ್ ಔಟ್. 11.04.

ವೇಟಿಂಗ್ ಲಿಸ್ಟಿನಲ್ಲಿ ಒಂಬತ್ತನೆಯವಳು. ರೈಲಾಗಿದ್ದರೆ ಆಸೆ ಇಟ್ಟುಕೊಳ್ಳಬಹುದಿತ್ತು.

8 ಜನವರಿ, ಬುಧವಾರ

ಶೋಕೇಸ್ ಒರೆಸಿದೆ. ಇಪ್ಪತ್ತೆರಡು ಕುದುರೆ. ಧೂಳಿಗೆ ಎರಡು ಸೀನು ಬಂತು, ಅಷ್ಟೇ. ಚಿಕ್ಕಂದಿನಲ್ಲಾಗಿದ್ದರೆ ಎದೆ ಪೀಪಿ ಊದುತ್ತಿತ್ತು. ಆಗ ದಮ್ಮು ಇತ್ತು ನನಗೆ. ಹತ್ತು ದಾಟಿದ ಮೇಲೆ ಬಿಟ್ಟೇಹೋಯಿತು. ಉಚ್ಚಂಗೆಮ್ಮನ ಹರಕೆ ಅನ್ನುತ್ತಿದ್ದಳು ಅವ್ವ.

ನನ್ನ ಗಂಡ ಜಂಬುನಾಥ ಊಟಕ್ಕೆ ಕೂತು ಅಂದರು, "ಮನ್ಯಾಗ ಇಪ್ಪತ್ತೆರಡು ಕುದ್ರಿ ಅದಾವ, ಗಂಡಗ ಓಡಾಡಾಕ ಒಂದು ನೆಟ್ಟನ ಸೈಕಲ್ ಇಲ್ಲ." ಆಮೇಲೆ ತಾವೇ, "ಇರ್ಲಿ ಬಿಡು, ಹುಲ್ಲು ಕೇಳಂಗಿಲ್ಲ, ಲದ್ದಿ ಹಾಕಂಗಿಲ್ಲ." ಒಳ್ಳೆಯವರು. ಯಾಕೆ ಇಷ್ಟು ಕುದುರೆ ಅಂತ ಒಂದು ದಿನವೂ ಕೇಳಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಒಂದಕ್ಕಿಂತ ಒಂದು ಚೆಂದ ಇವೆ. ಆದರೆ ಬಾನು ಇಲ್ಲ ಇದರಲ್ಲಿ. ಪ್ರತಿ ಸಲ ಹೊಸದು ಬಂದಾಗ ಮುಖ ನೋಡುತ್ತೇನೆ. ಅವಳಲ್ಲ. ಇನ್ನೊಂದು ತರಿಸುತ್ತೇನೆ.

ಅಪ್ಪ ಅವಳನ್ನು ಹೊಸಪೇಟೆಯ ಜಟಕಾದವನಿಂದ ತಂದದ್ದು. ಮದುವೆ ಮೆರವಣಿಗೆಗೆ ಮದುಮಗನನ್ನು ಹೊರುವ ಕೆಲಸ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆ ಹೋಗುತ್ತಿದ್ದರು ಇಬ್ಬರೂ. ಜನ ಕೇಳುತ್ತಿದ್ದದ್ದು ಪಂಚಕಲ್ಯಾಣಿಯನ್ನೇ. ಹಣೆಯೂ ನಾಲ್ಕು ಕಾಲೂ ಬಿಳಿ ಇದ್ದರೆ ಶುಭ. ಬಾನುವಿಗೆ ಮೂರೇ ಕಾಲು ಬಿಳಿ. ನಾಲ್ಕನೆಯದು ಮೈಬಣ್ಣ. ಅದಕ್ಕೇ ಅಗ್ಗಕ್ಕೆ ಅಪ್ಪನ ಕೈಗೆ ಸಿಕ್ಕಿದ್ದು.

ಆ ನಾಲ್ಕನೇ ಕಾಲಿಗೆ ಸುಣ್ಣ ಬಳಿಯುವ ಕೆಲಸ ನನ್ನದು. ಸುಣ್ಣಕ್ಕೆ ಅನ್ನದ ಗಂಜಿ ಬೆರೆಸಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ. ಬಳಿದಾದ ಮೇಲೆ ಕೂಗುತ್ತಿದ್ದೆ, ಅಪ್ಪಾ, ಬಾ ನೋಡು. ಅವನು ಬಂದು, ಮಂಡಿಯೂರಿ, ಕಾಲಿಗೆ ಮೂಗು ತಾಗುವಷ್ಟು ಬಗ್ಗಿ ನೋಡುವನು. "ಬರೊಬ್ಬರಿ ಆತು ನೋಡವ್ವ. ಈಗ ಇದು ಪಂಚಕಲ್ಯಾಣಿ."

26 ಜನವರಿ, ಭಾನುವಾರ. ಮಧ್ಯಾಹ್ನ, ಹಡಗಲಿ

ಮೆಸೇಜ್!! ಒಂಬತ್ತು ಜನ ಹಿಂದೆ ಸರಿದರಂತೆ. ನಂಬರ್ 43 ನನ್ನದು.

ಕುಣಿಯುವ ಹಾಗಿಲ್ಲ, ಖಾಕಿ ಹಾಕಿದ್ದೇನೆ. ಪಕ್ಕೀರಪ್ಪಣ್ಣನಿಗೆ ಮಿರ್ಚಿ ಮಂಡಕ್ಕಿ ಕೊಡಿಸಿದೆ. "ಯಾಕವ್ವ ನಾಗರತ್ನ, ಪ್ರಮೋಷನ್ ಆತೇನು?" ಅಂದ. ಹೂಂ ಅಂದೆ.

11 ಫೆಬ್ರವರಿ, ಮಂಗಳವಾರ. ವಾರದ ರಜೆ

ಬಂತು.

ಥರ್ಮೋಕೋಲು, ಅದರೊಳಗೆ ಬಟ್ಟೆ, ಅದರೊಳಗೆ ಅವಳು. ಕಿವಿ ಮುರಿದಿಲ್ಲ. ಬಾಲದ ತುದಿ ಸರಿ ಇದೆ. ಹೋದ ವರ್ಷದ ಮಾರ್ವಾಡಿ ಕುದುರೆ ಒಂದು ಕಿವಿ ಕಳೆದುಕೊಂಡು ಬಂದಿತ್ತು, ಎರಡು ದಿನ ಅನ್ನ ಸೇರಿರಲಿಲ್ಲ ನನಗೆ. ಇವಳ ಮೊಣಕಾಲಿನ ನರ ಕೂಡ ಕಾಣುತ್ತದೆ. ಕುತ್ತಿಗೆ ಸ್ವಲ್ಪ ಎಡಕ್ಕೆ ಹೊರಳಿಸಿದ್ದಾಳೆ. ಬಾನು ಮೇವಿನ ಬುಟ್ಟಿ ಸದ್ದಾದರೆ ಹೀಗೇ ತಿರುಗುತ್ತಿದ್ದಳು. ಸತ್ಯವಾಗಿ ಹೀಗೇ.

ಅತ್ತುಬಿಟ್ಟೆ. ಬರೆಯಲು ನಾಚಿಕೆ ಏನು, ಯಾರು ಓದುತ್ತಾರೆ.

ಸಂಜೆ 4

ಬೊಂಬೆ ಕುದುರೆ ಕೂಡಿಡುವವರ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕಿದೆ. ಎಲ್ಲರೂ ವಾವ್. ನಾಗಪುರದವರೊಬ್ಬರು, ಮಿಂಟ್ ಕಂಡೀಶನ್ ಕೆಡಿಸಬೇಡಿ, ಬಾಕ್ಸ್ ಎಸೆಯಬೇಡಿ, ಒಂದು ಗೀರು ಬಿದ್ದರೂ ನಂಬರಿಗೆ ಬೆಲೆ ಇಲ್ಲ ಅಂದರು.

ನೋಡುತ್ತಾ ಕೂತಿದ್ದೇನೆ. ಎಲ್ಲ ಸರಿ ಇದೆ. ಅದೇ ತಪ್ಪು. ನಾಲ್ಕೂ ಕಾಲು ಬಿಳಿ. ಇದು ಸುಣ್ಣ ಬಳಿದ ಬಾನು, ಊರವರ ಬಾನು. ನಮ್ಮ ಹಿತ್ತಲಲ್ಲಿ ನಿಲ್ಲುತ್ತಿದ್ದವಳಿಗೆ ಮೂರೇ.

ಒಂದು ಕಾಲಿಗೆ ಕಂದು ಬಳಿಯಲೇ? ಅರವತ್ತರಲ್ಲಿ ಒಂದನ್ನು ಕೆಡಿಸಲೇ? ಕೆಡಿಸಿದರೂ ಯಾವ ಕಾಲು?

12 ಫೆಬ್ರವರಿ

ಕೇಳೋಣ ಅಂದರೆ ಅಪ್ಪ ಅವ್ವ ಈಗಿಲ್ಲ. ಕೂಡ್ಲಿಗಿಗೆ ತಮ್ಮ ಸಂಜೀವನಿಗೆ ಫೋನ್.

"ಮುಂದಿನ ಎಡಗಾಲು, ಅಕ್ಕ. ಕಣ್ಣಾಗ ಕಟ್ಟಿಧಂಗೈತಿ."

"ಹಿಂದಿನ ಬಲಗಾಲು ಲೇ. ಬಳದಾಕಿ ನಾನು."

"ಬಳದಾಕಿ ನೀನಾದ್ರ ನನ್ನ ಯಾಕ ಕೇಳ್ತಿ ಮತ್ತ?"

ಫೋನ್ ಇಟ್ಟೆ. ಆಗ ಅವನಿಗೆ ಆರು ವರ್ಷ, ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಆದರೆ ನನಗೂ ಗಟ್ಟಿ ಇಲ್ಲ. ಅದೇ ಹೊಟ್ಟೆ ಉರಿ.

ಮನೆಯಲ್ಲಿ ಅವಳ ಫೋಟೋ ಒಂದೂ ಇಲ್ಲ. ಇರುವುದೆಲ್ಲ ಬೇರೆಯವರ ಮದುವೆ ಆಲ್ಬಮ್ಮಿನಲ್ಲಿ. ಅಲ್ಲೆಲ್ಲ ನಾಲ್ಕೂ ಬಿಳಿ. ಅಷ್ಟು ಚೆನ್ನಾಗಿ ಬಳಿದಿದ್ದೇನೆ ನಾನು!

9 ಮಾರ್ಚ್, ಭಾನುವಾರ

ಮೂರು ಆಲ್ಬಮ್ ನೋಡಿ ಆಯಿತು. ಹಡಗಲಿಯಲ್ಲಿ ಒಂದು, ಕೂಡ್ಲಿಗಿಯಲ್ಲಿ ಎರಡು. ಪರಿಚಯದ ಪ್ಯಾಸೆಂಜರ್‌ಗಳ ಮನೆ. ಎಲ್ಲ ಕಡೆ ಮಂಡಕ್ಕಿ, ಚಹಾ, ಮತ್ತು ಬಿಳಿ ಕಾಲು.

ಕಾಲು ಕಂದು ಕಾಣುವ ಫೋಟೋ ಇದ್ದರೆ ಒಂದೇ ಮನೆಯಲ್ಲಿ ಇರಬೇಕು. ಗೊತ್ತು ನನಗೆ. ದಿನಾ ಆ ಮನೆ ಮುಂದೆಯೇ ಬಸ್ಸು ಹೋಗುತ್ತದೆ. ಹರಪನಹಳ್ಳಿ, ಗಿರಣಿ ಮನೆ. ಇಳಿಯಲು ಧೈರ್ಯ ಇಲ್ಲ.

ಬರೆದುಬಿಡುತ್ತೇನೆ. ಎಲ್ಲೂ ಹೇಳಿಲ್ಲ ಇದನ್ನು.

1994, ಮೇ ತಿಂಗಳು. ನನಗೆ ಹತ್ತು. ಗಿರಣಿ ಮನೆಯ ಮದುವೆಗೆ ಹಿಂದಿನ ದಿನವೇ ಹೊರಟಿದ್ದೆವು, ನಾನು ಬಾನು ಮೇಲೆ, ಅಪ್ಪ ಹಗ್ಗ ಹಿಡಿದು. ಮದುವೆ ಮನೆ ಅಡುಗೆಯವರ ಹತ್ತಿರ ಗಂಜಿ ಇಸಿದುಕೊಂಡು ಬಾ ಅಂದ. ಇಸಿದುಕೊಂಡು ಬಂದೆ. ಹಸಿವಾಗಿತ್ತು. ಉಪ್ಪು ಹಾಕಿಕೊಂಡು ಕುಡಿದುಬಿಟ್ಟೆ. ಬರೀ ನೀರಲ್ಲಿ ಸುಣ್ಣ ಕಲಸಿ ಬಳಿದೆ. ಅಪ್ಪ ಬಗ್ಗಿ ನೋಡಿ, ಬರೊಬ್ಬರಿ ಆತು ಅಂದ.

ಸಂಜೆ ಮೆರವಣಿಗೆ ನಡುವೆ ಮಳೆ. ಸುಣ್ಣ ಹಾಲಿನ ಹಾಗೆ ಇಳಿದುಹೋಯಿತು. ಗಂಡಿನ ಕಡೆಯವರು ಕೂಗಾಡುತ್ತಿದ್ದರು, ಕೈ ಎತ್ತಿ ಎತ್ತಿ. ಬಾನುವಿನ ಹೊಟ್ಟೆಗೆ ಮುಖ ಒತ್ತಿಕೊಂಡು ನಿಂತಿದ್ದೆ. ಆಮೇಲೆ ಉಸಿರು ಬರಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ. ಅವ್ವ ಪಕ್ಕದಲ್ಲಿ. ಅಪ್ಪ ಬಾಗಿಲ ಹೊರಗೆ ನಿಂತಿದ್ದ. ಒಳಗೆ ಬರಲಿಲ್ಲ. ಎರಡು ದಿನವೂ ಬರಲಿಲ್ಲ. ಅಷ್ಟು ಸಿಟ್ಟು.

ತಿಂಗಳೊಳಗೆ ಬಾನುವನ್ನು ಮಾರಿದ. ಆಮೇಲೆ ಯಾವ ಕುದುರೆಯನ್ನೂ ತರಲಿಲ್ಲ. ಹತ್ತಿ ಮಿಲ್ಲಿಗೆ ವಾಚ್‌ಮನ್ ಆದ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು.

ಬಂಗಾರದಂಥ ಕುದುರೆಯನ್ನು ಒಂದು ಲೋಟ ಗಂಜಿಗೆ ಕಳೆದೆ.

17 ಏಪ್ರಿಲ್, ಗುರುವಾರ

ಗಿರಣಿ ಮನೆಯ ದ್ಯಾಮಕ್ಕ ಇವತ್ತು ನನ್ನ ಬಸ್ಸು ಹತ್ತಿದಳು. ಅವತ್ತಿನ ಮದುಮಗಳು. ಈಗ ತಲೆ ಅರ್ಧ ಬೆಳ್ಳಗೆ. ಟಿಕೆಟ್ ಹರಿದು ಕೊಟ್ಟೆ. ಅವಳಿಗೆ ಗುರುತಾಗಲಿಲ್ಲ.

ಮಂಗಳವಾರ ಹೋಗುತ್ತೇನೆ. ಬೈದರೆ ಬೈಯಲಿ. ಕಾಲು ಯಾವುದು ಅಂತ ಗೊತ್ತಾದರೆ ಸಾಕು.

22 ಏಪ್ರಿಲ್, ಮಂಗಳವಾರ. ಸಂಜೆ 5

ಹೇಗೆ ನಡೆಯಿತೋ ಹಾಗೆ ಬರೆಯಬೇಕು. ಒಂದಕ್ಷರ ಬಿಡಬಾರದು.

ಬಾಗಿಲಲ್ಲಿ ನಿಂತು, ಕೊಟ್ಟೂರು ಕುದುರೆ ಪಾಲಾಕ್ಷಪ್ಪನ ಮಗಳು ನಾನು ಅಂದೆ. ದ್ಯಾಮಕ್ಕ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಅಯ್ಯೋ, ಸುಣ್ಣ ಬಳಿಯೋ ಹುಡುಗಿ ಅಲ್ವೇನೆ ನೀನು?"

ನಿಮಗೆ ಹೇಗೆ ಗೊತ್ತು ಅಂದೆ.

"ನಿಮ್ಮಪ್ಪ ಮಾತಾಡಕ್ ಬಂದಾಗ್ಲೇ ಹೇಳಿದ್ರು. ಮೂರು ಕಾಲು ದೇವ್ರು ಬಳದಾನೆ, ನಾಕನೇದು ನನ್ ಮಗಳು ಬಳೀತಾಳೆ, ಒಪ್ಪಿಗೆ ಇದ್ರೆ ಕುದ್ರೆ ತರ್ತೀನಿ ಅಂತ. ನಮ್ಮಾವ ನಕ್ಕು, ಹಂಗಾರೆ ನಾಕನೇದೇ ಚೆಂದ ಇರ್ಬೇಕು ನೋಡು ಅಂದಿದ್ರಂತೆ. ಎಲ್ಲಾ ಊರಾಗೂ ಹಂಗೇ ಹೇಳಿ ತರ್ತಿದ್ರು ಬಿಡು ನಿಮ್ಮಪ್ಪ."

"ಮತ್ತ ಅವತ್ತು ಬೈದದ್ದು?"

"ಅದು ಬ್ಯಾಂಡ್‌ನೋರಿಗೆ ಕಣೆ! ಮಳೆ ಬಂತೂಂತ ಅರ್ಧ ದಾರ್ಯಾಗೇ ಡೋಲು ಹೊತ್ಕಂಡು ಓಡಿಹೋದ್ರಲ್ಲ."

ನಗು ಬಂತು. ಅಳುವೂ. ಅವಳು ಆಲ್ಬಮ್ ತಂದಳು. ಪ್ಲಾಸ್ಟಿಕ್ ಹಾಳೆ ಅಂಟಿಕೊಂಡು ಹೋಗಿದೆ. ಮಳೆ ನಿಂತ ಮೇಲೆ ತೆಗೆದ ಫೋಟೋ. ಬಾಸಿಂಗ ವಾರೆಯಾದ ಮದುಮಗ, ಕೆಳಗೆ ಬಾನು, ಒದ್ದೆ ಮೈ ಹೊಳೆಯುತ್ತಿದೆ. ಹಿಂದಿನ ಎಡಗಾಲು. ಕಂದು. ನಾನೂ ಸಂಜೀವನೂ ಇಬ್ಬರೂ ಸೋತೆವು.

ಅಷ್ಟಕ್ಕೇ ಎದ್ದು ಬರಬಹುದಿತ್ತು. ಸುಮ್ಮನಿರಲಾರದೆ ಕೇಳಿದೆ, ಹಾಗಾದರೆ ಅಪ್ಪ ಅವಳನ್ನು ಯಾಕೆ ಮಾರಿದ?

ದ್ಯಾಮಕ್ಕ ನನ್ನ ಮುಖ ನೋಡಿದಳು. "ನಿನಗೆ ಯಾರೂ ಹೇಳಿಲ್ವಾ?"

ಇಲ್ಲ ಅಂದೆ.

"ಅವತ್ತು ನಿನ್ನ ಆಸ್ಪತ್ರೆಗೆ ಎತ್ಕಂಡು ಹೋಗಿದ್ದು ನಮ್ಮನೇರೇ. ಬಾಸಿಂಗ ಕಟ್ಕಂಡೇ ಜೀಪು ಹತ್ತಿದ್ರು. ಡಾಕ್ಟ್ರು ಕೇಳಿದ್ರಂತೆ, ಮನೇಲಿ ಏನು ಸಾಕೀರಿ ಅಂತ. ಕುದ್ರೆ ಅಂದ್ರು ನಿಮ್ಮಪ್ಪ. ಈ ಮಗೀಗೆ ಅದ್ರ ಕೂದ್ಲೇ ಆಗಲ್ಲ, ಇನ್ನೊಂದ್ಸಲ ಹಿಂಗಾದ್ರೆ ಉಳಿಯೋದು ಕಷ್ಟ ಅಂದ್ರಂತೆ. ಆ ಮಾತು ಕೇಳಿದೋರು ಮತ್ತೆ ನಿನ್ನ ಹತ್ರ ಬರ್ಲೇ ಇಲ್ಲ. ಮಗಳನ್ನ ನೋಡಬರ್ರಿ ಅಂತ ನಮ್ಮನೇರು ಕರದ್ರೆ, ಅಂಗಿ ತುಂಬ ಕೂದ್ಲೈತ್ರಿ ಅಂತ ಬಾಗ್ಲಾಗೇ ನಿಂತಿದ್ರಂತೆ. ಎರಡು ದಿನ. ನೀರೂ ಕುಡೀದಂಗೆ."

ಆಮೇಲೆ ನಿಧಾನವಾಗಿ ಅಂದಳು, "ಮಗಳಿಗೆ ಹೇಳಬ್ಯಾಡ್ರಿ, ತನ್ನಿಂದ ಕುದ್ರೆ ಹೋತು ಅಂದ್ಕಂತಾಳೆ ಅಂದಿದ್ರು. ನಾನೂ ಈಗ ಹೇಳಬಾರದಿತ್ತೇನೋ."

ನಾನು ಮೂವತ್ತೊಂದು ವರ್ಷದಿಂದ ಅದನ್ನೇ ಅಂದುಕೊಂಡಿದ್ದೇನೆ, ದ್ಯಾಮಕ್ಕ.

ಅಂದೆನೋ, ಮನಸ್ಸಲ್ಲೇ ಅಂದುಕೊಂಡೆನೋ. ಬಸ್ಸು ಹತ್ತಿದ್ದು ನೆನಪಿಲ್ಲ.

25 ಏಪ್ರಿಲ್

ಡ್ಯೂಟಿ. ಬರೆಯಲು ಆಗುತ್ತಿಲ್ಲ.

6 ಮೇ, ಮಂಗಳವಾರ. ಬೆಳಿಗ್ಗೆ 11

ಜಂಬುನಾಥರಿಗೆ ಎಲ್ಲ ಹೇಳಿದೆ. ಎದ್ದು ಹೋಗಿ ಪೇಟೆಯಿಂದ ಸಣ್ಣ ಬ್ರಷ್ಷು, ಕಂದು ಬಣ್ಣದ ಡಬ್ಬಿ ತಂದರು. ನಾನು ಹೇಳಿರಲಿಲ್ಲ.

ಹಿಂದಿನ ಎಡಗಾಲಿಗೆ ಕಂದು ಬಳಿದೆ. ನಂಬರ್ 43ರ ಬೆಲೆ ಹೋಯಿತು. ನಾಗಪುರದವರು ನೋಡಿದರೆ ಎದೆ ಬಡಿದುಕೊಳ್ಳುತ್ತಾರೆ.

ಕಿಟಕಿಯಲ್ಲಿಟ್ಟು ನೋಡಿದೆ. ಬಾನು. ಇಷ್ಟು ವರ್ಷದ ಮೇಲೆ, ಬಾನು. ಬಾಯಿ ಬಿಟ್ಟು ಹೆಸರು ಕರೆದೆ.

ಮಧ್ಯಾಹ್ನ 3

ಕಂದು ಒಣಗಿದೆ. ಅನ್ನ ಬಸಿದ ಗಂಜಿ ತೆಗೆದಿಟ್ಟಿದ್ದೆ. ಈ ಸಲ ಕುಡಿದಿಲ್ಲ. ಎಲೆಯಡಿಕೆ ಡಬ್ಬಿಯ ಸುಣ್ಣ, ಎರಡು ಚಮಚ ಗಂಜಿ. ನೆಲದ ಮೇಲೆ ಕೂತು ಅದೇ ಕಾಲಿಗೆ ಮತ್ತೆ ಬಿಳಿ ಬಳಿದೆ, ಗೊರಸಿನಿಂದ ಮೇಲಕ್ಕೆ, ಅವನು ಕಲಿಸಿದ ಹಾಗೆ. ಈಗ ನೋಡಿದವರಿಗೆ ಉಳಿದ ಐವತ್ತೊಂಬತ್ತರ ಹಾಗೇ ಕಾಣುತ್ತಾಳೆ. ಕೆಳಗೆ ಏನಿದೆ ಅಂತ ನನಗೆ ಗೊತ್ತು.

ಒಣಗುವವರೆಗೆ ಮುಟ್ಟಬಾರದು. ಬಾಗಿಲು ತೆರೆದಿಟ್ಟಿದ್ದೇನೆ, ಗಾಳಿ ಬರಲಿ ಅಂತ. ಎದೆ ಹಗುರ ಇದೆ. ಉಸಿರು ಸಲೀಸು.

ಅಪ್ಪಾ, ಬಾ ನೋಡು. ಒಳಗ ಬಾ, ಬಾಗ್ಲಾಗ ನಿಂದರಬ್ಯಾಡ. ಇದಕ್ಕ ಕೂದ್ಲಿಲ್ಲ...