ಗೆರೆ ಮುಟ್ಟಿದ ಮೇಲೆ

ಅಲ್ ಗರಾಫಾ, ದೋಹಾ
೧೮-೩-೨೦೦೬

ಅಮಿತಕ್ಕಾ,

ಮೆಟ್ಟಿಲಲ್ಲಿ ಜಾರಿ ಕೈ ಮುರಿಯಿತೆಂದು ಭಾವ ಫೋನಿನಲ್ಲಿ ಹೇಳಿದ್ದು ಸುಳ್ಳು. ನೀನು ನನಗೆ ಬೈಯಬಾರದೆಂದು ಹಾಗೆ ಹೇಳಿದರು.

ಇಲ್ಲಿನ ಆಸ್ಟ್ರೇಲಿಯಾದ ಎಂಜಿನಿಯರುಗಳು ಶುಕ್ರವಾರ ತಮ್ಮ ದೇಶದ ಫುಟ್‌ಬಾಲ್ ಆಡುತ್ತಾರೆ. ಅದರಲ್ಲಿ ನಾನು ಮುಂದೆ ಗೋಲು ಹೊಡೆಯುವವ, ಭಾವ ಹಿಂದೆ ಕಾಯುವವರು. ಚೆಂಡನ್ನು ಕೈಯಲ್ಲೂ ಹಿಡಿದು ಓಡುವ ಆಟ; ಅದು ಎದುರಾಳಿಗೆ ಸಿಕ್ಕಿದರೆ ನಾನೂ ಅವನನ್ನು ಬೆನ್ನಟ್ಟಿ ಹಿಡಿಯಬೇಕು. ನನ್ನದೋ ಕಬಡ್ಡಿಯ ಅಭ್ಯಾಸ. ಹೋದ ವಾರ ಚೆಂಡು ಕೈತಪ್ಪಿದಾಗ, ರೈಡ್ ಮುಗಿಸಿ ಗೆರೆ ಮುಟ್ಟಿದವನ ಹಾಗೆ ಸೊಂಟಕ್ಕೆ ಕೈಯಿಟ್ಟು ನಿಂತೆ. ನಾನು ಬಿಟ್ಟವನನ್ನು ತಡೆಯಲು ಹೋಗಿ ಭಾವ ಬಿದ್ದರು.

ಈಗ ಅವರ ಅಂಗಿಯ ಗುಂಡಿ ಹಾಕುವುದು ನಾನೇ. ಗಾಬರಿಯಾಗಬೇಡ. ಯಾರಾದರೂ ಬರುವವರಿದ್ದರೆ ಕುಚ್ಚಲಕ್ಕಿ ಕಳಿಸು.

ನಿನ್ನೆ ನಾನು ಒಂದೂ ಗೋಲು ಹೊಡೆಯಲಿಲ್ಲ, ಹಿಂದಕ್ಕೆ ಓಡಿದ್ದೇ ಓಡಿದ್ದು. ಭಾವ ಮೈದಾನದಂಚಿನಲ್ಲಿ ಕೂತು, ಸರಿಯಿದ್ದ ಕೈಯಿಂದ ತೊಡೆ ತಟ್ಟಿದರು.

ನಿನ್ನ ತಮ್ಮ,
ರಿತೇಶ್