ತಮ್ಮನಿಗೆ ಕೊಟ್ಟ ದೋಣಿ

ಅಪ್ಪಾ,

ನೀವು ಹೋದ ಮೇಲಿನ ಈ ಮೊದಲ ಮಳೆಗೆ, ಮುಂಬಯಿಯಿಂದ ಮರಳಿದ ದಯಾನಂದ ನಿಮ್ಮ ದೋಣಿಯನ್ನು ಇಂದು ಪಾಣೆಮಂಗಳೂರಿನಲ್ಲಿ ಹೊಳೆಗಿಳಿಸಿದ. ಬೇಸಿಗೆಯಿಡೀ ನೀವು ಅದಕ್ಕೆ ಕಲ್ಲು ಹೇರಿ ಗುಂಡಿಯ ನೀರಿನಲ್ಲಿ ಮುಳುಗಿಸಿಡುತ್ತಿದ್ದಿರಿ. ಅವನು ಪ್ರೀತಿಯಿಂದ ಎಣ್ಣೆ ಹಚ್ಚಿ ತಗಡಿನ ಮಾಡಿನಡಿ ಇಟ್ಟಿದ್ದ. ಈ ವರ್ಷದ ಸೆಕೆಗೆ ಹಲಗೆಗಳು ಒಣಗಿ ಸಂದು ಬಿಟ್ಟಿದ್ದವು. ಎಲ್ಲರೆದುರೇ ನೀರು ತುಂಬಿತು.

“ದೋಣಿಯಾ, ಜರಡಿಯಾ ಮಾರಾಯ?” ಎಂದು ದಡದಲ್ಲಿದ್ದವರು ನಕ್ಕರು.

“ಅಕ್ಕಾ, ಅಪ್ಪ ಬೇಸಿಗೆಯಲ್ಲಿ ಎಂತ ಮಾಡ್ತಿದ್ದರು?” ಎಂದು ದಯಾನಂದ ಕೇಳಿದ.

“ನಂಗೆಂತ ಗೊತ್ತುಂಟು? ದೋಣಿ ನಿನಗಲ್ವಾ ಕೊಟ್ಟದ್ದು” ಎಂದೆ.

ಆ ಕಲ್ಲುಗಳನ್ನು ನಿಮಗೆ ಹೊತ್ತು ತಂದುಕೊಡುತ್ತಿದ್ದವಳು ನಾನು. ಒಂದು ವಾರ ನೀರಿನಲ್ಲೇ ಬಿಟ್ಟರೆ ಹಲಗೆ ಉಬ್ಬಿ ಸಂದು ಮುಚ್ಚುತ್ತದೆ. ಅದನ್ನೂ ಹೇಳಲಿಲ್ಲ.

ನಾಳೆ ಸೌದೆಗೆ ಒಡೆಯುತ್ತಾನಂತೆ. ಕೊಡಲಿ ಕೇಳಿದ. ಹುಡುಕಿ ಕೊಟ್ಟೆ.