ಬಹುಮಟ್ಟಿಗೆ ಶಾಂತಿಯುತ

ಸೋಮವಾರ, ಮಾರ್ಚ್ ೧೦. ಮತದಾನದ ಮರುದಿನ.

ಚುನಾವಣೆ ನೋಡಲು ಬಂದ ವಿದೇಶಿ ವೀಕ್ಷಕರ ಮುಖ್ಯಸ್ಥೆ ಇವತ್ತು ಪತ್ರಕರ್ತರ ಮುಂದೆ ಮತದಾನ 'ಬಹುಮಟ್ಟಿಗೆ ಶಾಂತಿಯುತ' ಎಂದರು. ದುಭಾಷಿ ನಾನು, ಊರಿಗೆಲ್ಲ ಅದು ಕೇಳಿಸಿದ್ದು ನನ್ನ ಬಾಯಿಂದ.

ನಿನ್ನೆ ಮತಗಟ್ಟೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ನಮ್ಮ ಬಳಿ ಬಂದಳು. "ನನ್ನ ಓಟು ಆಗ್ಲೇ ಯಾರೋ ಹಾಕ್ಬಿಟ್ಟಿದಾರಂತೆ. ನೋಡಿ, ನನ್ನ ಬೆರಳಲ್ಲಿ ಶಾಯಿ ಎಲ್ಲಿದೆ?" ಎಂದು ಗಟ್ಟಿಯಾಗಿಯೇ ಕೇಳಿದಳು. ಬಾಗಿಲಲ್ಲಿದ್ದ ಪೊಲೀಸಿನವನು ಅವಳ ಮುಖವನ್ನು ಚೆನ್ನಾಗಿ ನೋಡಿಕೊಂಡ. ಸಂಜೆ ಪೊಲೀಸರು ಅವಳನ್ನು ಮನೆಯಿಂದ ಎಳೆದೊಯ್ದರಂತೆ, ರಾತ್ರಿ ಅವಳ ಮಗಳು ನನ್ನಲ್ಲಿಗೆ ಓಡಿ ಬಂದು ಹೇಳಿದಳು.

ಬೆಳಿಗ್ಗೆ ಮುಖ್ಯಸ್ಥೆಯನ್ನು ಅಂಗಲಾಚಿದೆ, ಠಾಣೆಗೆ ಒಮ್ಮೆ ಬನ್ನಿ ಎಂದು. ನೋಡುವುದು, ಬರೆಯುವುದು ಅಷ್ಟೇ ತಮ್ಮ ಕೆಲಸ, ನಡುವೆ ಕೈಹಾಕಿದರೆ ಮುಂದಿನ ಸಲ ದೇಶದೊಳಕ್ಕೇ ಬಿಡುವುದಿಲ್ಲ ಎಂದರು. ಅವರ ಕಣ್ಣೂ ತುಂಬಿತ್ತು. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ?

ಪತ್ರಿಕಾಗೋಷ್ಠಿ ಮುಗಿಸಿ ಒಬ್ಬಳೇ ಠಾಣೆಗೆ ಹೋದೆ. "ಅಂಥೋರು ಯಾರೂ ಇಲ್ಲಿಲ್ಲಮ್ಮ. ನಿಮ್ಮ ಫಾರಿನ್ನೋರು ಹೊರಟ್ರಾ?" ಇನ್ಸ್‌ಪೆಕ್ಟರ್ ನಗುತ್ತಲೇ ಕೇಳಿದ.

ಹೊರಗೆ ಮೆಟ್ಟಿಲ ಮೇಲೆ ಅವಳ ಮಗಳು ಕೂತಿದ್ದಳು. "ಅಕ್ಕಾ, ಅವ್ರಿಗೆ ಹೇಳಿದ್ರಾ? ಏನಂದ್ರು?"

ಇಷ್ಟು ವರ್ಷ ಪರರ ಮಾತು ಆಡಿಯೇ ಬದುಕಿದವಳು ನಾನು. ಅವಳ ಪಕ್ಕ ಕೂತೆ. ಕತ್ತಲಾದ ಮೇಲೆ ಪೇದೆಯೊಬ್ಬ ಬಂದು ಇಬ್ಬರನ್ನೂ ಎಬ್ಬಿಸಿ ಅಟ್ಟಿದ.

ಈಗ ಆ ಹುಡುಗಿ ನನ್ನ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ಉಸಿರಿನಲ್ಲೇ ಗೊತ್ತಾಗುತ್ತದೆ. ವೀಕ್ಷಕರ ವಿಮಾನ ಇಷ್ಟು ಹೊತ್ತಿಗೆ ಹಾರಿರಬೇಕು. ಬೆಳಗಾದರೆ ಇಬ್ಬರೂ ಮತ್ತೆ ಠಾಣೆಗೆ ಹೋಗಬೇಕು. ನಾಳೆ ನಮ್ಮನ್ನು ನೋಡುವವರು ಯಾರೂ ಇರುವುದಿಲ್ಲ.